ಔಲಿ: ಜೋಶಿಮಠದ ನೆತ್ತಿಯ ಮೇಲಿನ ಹಿಮದ ಇಳಿಜಾರು

ಉತ್ತರಾಖಂಡ ರಾಜ್ಯದ ಚಮೋಲಿ ಜಿಲ್ಲೆಯಲ್ಲಿ, ಬದರಿನಾಥಕ್ಕೆ ಹೋಗುವ ದಾರಿಯಲ್ಲಿ ಜೋಶಿಮಠ ಎಂಬ ಪಟ್ಟಣವಿದೆ. ಅದರ ಮೇಲಿನ ಬೆಟ್ಟದ ಇಳಿಜಾರೇ ಔಲಿ. ಕಾಶ್ಮೀರದ ಗುಲ್ಮಾರ್ಗ್ ಬಿಟ್ಟರೆ ಭಾರತದಲ್ಲಿ ಸ್ಕೀಯಿಂಗ್‌ಗೆ ಹೆಚ್ಚು ಹೆಸರಾದ ಜಾಗ ಇದು. ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಬಿಗಿದುಕೊಂಡು, ಎರಡೂ ಕೈಯಲ್ಲಿ ಕೋಲು ಹಿಡಿದು ಹಿಮದ ಮೇಲೆ ಜಾರುತ್ತಾ ಇಳಿಯುವ ಆಟವೇ ಸ್ಕೀಯಿಂಗ್.

ದಕ್ಷಿಣದವರಿಗೆ ಜೋಶಿಮಠದ ಹೆಸರು ಹೊಸದೇನಲ್ಲ. ಆದಿ ಶಂಕರರು ಸ್ಥಾಪಿಸಿದರೆಂದು ನಂಬುವ ನಾಲ್ಕು ಪೀಠಗಳಲ್ಲಿ ದಕ್ಷಿಣದ್ದು ಶೃಂಗೇರಿಯಾದರೆ ಉತ್ತರದ್ದು ಇಲ್ಲಿನ ಜ್ಯೋತಿರ್ಮಠ. ಬದರಿನಾಥದ ಪ್ರಧಾನ ಅರ್ಚಕರಾದ ರಾವಲ್ ಕೇರಳದ ನಂಬೂದಿರಿ ಮನೆತನದವರೇ ಆಗಿರಬೇಕೆಂಬ ಪದ್ಧತಿ ಇಂದಿಗೂ ಉಳಿದಿದೆ. 2024ರಲ್ಲಿ ಜೋಶಿಮಠ ತಾಲ್ಲೂಕಿಗೆ ಜ್ಯೋತಿರ್ಮಠ ಎಂದು ಹೆಸರು ಬದಲಾಯಿತು. ಜನರ ಬಾಯಲ್ಲಿ ಹಳೆಯ ಹೆಸರೇ ಓಡಾಡುತ್ತಿದೆ.

ಔಲಿಯ ಎತ್ತರ ಸಮುದ್ರ ಮಟ್ಟದಿಂದ ಸುಮಾರು 2500ರಿಂದ 3050 ಮೀಟರ್. ನೀಲಗಿರಿಯ ದೊಡ್ಡಬೆಟ್ಟ 2637 ಮೀಟರ್ ಇದೆ. ಅಂದರೆ ಔಲಿಯ ಕೆಳಭಾಗ ದೊಡ್ಡಬೆಟ್ಟದ ತುದಿಗಿಂತ ತಗ್ಗಿನಲ್ಲಿದೆ. ಆದರೂ ದೊಡ್ಡಬೆಟ್ಟದಲ್ಲಿ ಚಳಿಗಾಲದ ಬೆಳಗ್ಗೆ ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟುತ್ತದೆಯೇ ಹೊರತು ಔಲಿಯಂತೆ ಹಿಮ ರಾಶಿ ಬೀಳುವುದಿಲ್ಲ. ಔಲಿ ಅಷ್ಟು ಉತ್ತರಕ್ಕಿರುವುದೇ ಇದಕ್ಕೆ ಕಾರಣ. ಇನ್ನೊಂದು ಕಾರಣವೂ ಇದೆ. ಕರಾವಳಿಗೆ ಮುಂಗಾರು ಹೇಗೋ ಹಾಗೆ ಈ ಬೆಟ್ಟಗಳಿಗೆ ಚಳಿಗಾಲದ ಪಶ್ಚಿಮ ಮಾರುತಗಳು. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟ ಈ ಮೋಡಗಳು ಇರಾನ್, ಅಫ್ಘಾನಿಸ್ತಾನ ದಾಟಿ ಬಂದು ಹಿಮಾಲಯದಲ್ಲಿ ಹಿಮ ಸುರಿಸುತ್ತವೆ. ಅವು ಕೈಕೊಟ್ಟ ವರ್ಷ ಔಲಿಯ ಇಳಿಜಾರು ಒಣಹುಲ್ಲಿನ ಬಯಲಾಗಿಯೇ ಉಳಿಯುತ್ತದೆ.

ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಗಢವಾಲಿ ಜನ ಬುಗ್ಯಾಲ್ ಎನ್ನುತ್ತಾರೆ. ಬೇಸಿಗೆಯಲ್ಲಿ ಕುರಿ, ದನ ಮೇಯುವ ಜಾಗಗಳಿವು. ಔಲಿಯಿಂದ ಇನ್ನೂ ಮೇಲಕ್ಕೆ ಓಕ್ ಮರಗಳ ಕಾಡಿನಲ್ಲಿ ಹತ್ತಿದರೆ ಗೋರ್ಸನ್ ಬುಗ್ಯಾಲ್ ಸಿಗುತ್ತದೆ. ಎದುರಿಗೆ 7816 ಮೀಟರ್ ಎತ್ತರದ ನಂದಾದೇವಿ, ಪಕ್ಕದಲ್ಲಿ ದುನಾಗಿರಿ, ಹಾಥಿ ಪರ್ವತ. ಆಕಾಶ ತಿಳಿಯಾಗಿದ್ದರೆ ಈ ನೋಟಕ್ಕಾಗಿಯೇ ಹೋಗಬಹುದು, ಸ್ಕೀಯಿಂಗ್ ಬಾರದಿದ್ದರೂ ನಷ್ಟವಿಲ್ಲ.

ಇಲ್ಲಿ ಹಿಮದ ಆಟ ಮೊದಲು ಬೆಳೆದದ್ದು ಪ್ರವಾಸಿಗರಿಂದಲ್ಲ, ಸಿಪಾಯಿಗಳಿಂದ. ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆ ತನ್ನ ಪರ್ವತಾರೋಹಣ ಮತ್ತು ಸ್ಕೀಯಿಂಗ್ ತರಬೇತಿ ಸಂಸ್ಥೆಯನ್ನು ಔಲಿಯಲ್ಲಿ ನಡೆಸುತ್ತಿದೆ. ಟಿಬೆಟ್ ಗಡಿ ಕಾಯುವವರಿಗೆ ಹಿಮದ ಮೇಲೆ ಓಡಾಡುವುದು ಆಟವಲ್ಲ, ಕೆಲಸ.

ಜನಸಾಮಾನ್ಯರಿಗೆ ಔಲಿ ಹತ್ತಿರವಾದದ್ದು ರೋಪ್‌ವೇ ಬಂದ ಮೇಲೆ. ಜೋಶಿಮಠದಿಂದ ಔಲಿಗೆ ಸುಮಾರು 4 ಕಿಲೋಮೀಟರ್ ಉದ್ದದ ಈ ತೂಗುದಾರಿ 1990ರ ದಶಕದಲ್ಲಿ ಶುರುವಾಯಿತು. ಹತ್ತು ಕಂಬಗಳ ಮೇಲೆ ಹಾದು, ಸಾವಿರ ಮೀಟರಿಗೂ ಹೆಚ್ಚು ಮೇಲಕ್ಕೇರುತ್ತಿತ್ತು. ಬಾವಿಯ ರಾಟೆಗೆ ಕಟ್ಟಿದ ಎರಡು ಕೊಡಗಳ ಹಾಗೆ, ಒಂದು ಡಬ್ಬಿ ಮೇಲೆ ಹೋಗುವಾಗ ಇನ್ನೊಂದು ಕೆಳಗಿಳಿಯುವ ವ್ಯವಸ್ಥೆ. ಮುಖ್ಯ ಇಳಿಜಾರಿನಲ್ಲಿ ಆಟಗಾರರನ್ನು ಮೇಲಕ್ಕೊಯ್ಯಲು ಬೇರೆ ಕುರ್ಚಿ ಲಿಫ್ಟ್ ಇದೆ. 2011ರ ಜನವರಿಯಲ್ಲಿ ಮೊದಲ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ನಡೆದಾಗ ಹಿಮದ ಸ್ಪರ್ಧೆಗಳು ಔಲಿಯಲ್ಲೂ ಮಂಜುಗಡ್ಡೆಯ ಸ್ಪರ್ಧೆಗಳು ಡೆಹ್ರಾಡೂನ್‌ನಲ್ಲೂ ಆದವು.

ಹಿಮ ಕಡಿಮೆಯಾದರೆ ಇರಲಿ ಎಂದು ಬೆಟ್ಟದ ಮೇಲೊಂದು ಕೃತಕ ಕೆರೆ ಕಟ್ಟಿ, ಹಿಮ ಮಾಡುವ ಯಂತ್ರಗಳನ್ನು ತರಲಾಯಿತು. ಕೆರೆಯ ನೀರನ್ನು ಒತ್ತಡದ ಗಾಳಿಯೊಂದಿಗೆ ಸಣ್ಣ ಹನಿಗಳಾಗಿ ಚಿಮ್ಮಿಸಿದರೆ ಅವು ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟಬೇಕು. ಅದಕ್ಕೆ ಕೊರೆಯುವ ಚಳಿ ಬೇಕು, ಗಾಳಿ ಒಣಗಿರಬೇಕು. ಚಳಿಯೇ ಇಲ್ಲದ ವರ್ಷ ಯಂತ್ರ ಇದ್ದೂ ಇಲ್ಲದಂತೆ. 2023ರ ಫೆಬ್ರವರಿಯಲ್ಲಿ ನಡೆಯಬೇಕಿದ್ದ ರಾಷ್ಟ್ರೀಯ ಸ್ಪರ್ಧೆ ಹಿಮ ಸಾಲದೆ ರದ್ದಾಯಿತು. ಹೋಟೆಲ್, ಟ್ಯಾಕ್ಸಿ, ಬಾಡಿಗೆಯ ಸ್ಕೀ ಪಟ್ಟಿ, ಚಹಾದಂಗಡಿ ಎಲ್ಲಕ್ಕೂ ಚಳಿಗಾಲದ ಕೆಲವೇ ವಾರಗಳ ವ್ಯಾಪಾರ. ಅದು ತಪ್ಪಿದರೆ ಬದರಿನಾಥ ಯಾತ್ರೆ ಶುರುವಾಗುವವರೆಗೆ ಕಾಯಬೇಕು.

ಆ ವರ್ಷ ಹಿಮಕ್ಕಿಂತ ದೊಡ್ಡ ಸಂಕಟ ನೆಲದಿಂದಲೇ ಬಂತು. 2023ರ ಜನವರಿಯಲ್ಲಿ ಜೋಶಿಮಠದ 800ಕ್ಕೂ ಹೆಚ್ಚು ಕಟ್ಟಡಗಳು ಬಿರುಕು ಬಿಟ್ಟವು. 2022ರ ಡಿಸೆಂಬರ್ 27ರಿಂದ 2023ರ ಜನವರಿ 8ರ ನಡುವಿನ 12 ದಿನಗಳಲ್ಲಿ ಪಟ್ಟಣದ ಒಂದು ಭಾಗ 5.4 ಸೆಂಟಿಮೀಟರ್ ಕುಸಿದಿದೆ ಎಂದು ಉಪಗ್ರಹ ಚಿತ್ರಗಳು ತೋರಿಸಿದವು. ನೂರಾರು ಕುಟುಂಬಗಳು ಮನೆ ಬಿಟ್ಟವು. ಒಂದಕ್ಕೊಂದು ವಾಲಿದ ಎರಡು ಹೋಟೆಲ್‌ಗಳನ್ನು ಕೆಡವಬೇಕಾಯಿತು. ಸುರಕ್ಷತೆಯ ಕಾರಣಕ್ಕೆ ರೋಪ್‌ವೇ ಕೂಡ ನಿಂತಿತು.

ಜೋಶಿಮಠ ಗಟ್ಟಿ ಬಂಡೆಯ ಮೇಲಿಲ್ಲ, ಹಳೆಯ ಭೂಕುಸಿತದ ಕಲ್ಲುಮಣ್ಣಿನ ರಾಶಿಯ ಮೇಲೆ ನಿಂತಿದೆ. ಇದು 2023ರಲ್ಲಿ ಗೊತ್ತಾದ ವಿಷಯವಲ್ಲ. ಗಢವಾಲ್ ಆಯುಕ್ತರಾಗಿದ್ದ ಮಿಶ್ರಾ ನೇತೃತ್ವದ ಸಮಿತಿ 1976ರಲ್ಲೇ ಹಾಗೆ ಬರೆದು, ಭಾರೀ ಕಟ್ಟಡ ಬೇಡ, ಬಂಡೆ ಸಿಡಿಸಬೇಡಿ, ಮರ ನೆಡಿ, ಚರಂಡಿ ಸರಿಮಾಡಿ ಎಂದಿತ್ತು. ನಂತರ ಪಟ್ಟಣ ಬೆಳೆದ ರೀತಿ ನೋಡಿದರೆ ಆ ವರದಿಯನ್ನು ಯಾರೂ ಗಂಭೀರವಾಗಿ ಓದಿದಂತಿಲ್ಲ. ಹತ್ತಿರದ ಜಲವಿದ್ಯುತ್ ಸುರಂಗವೇ ಕುಸಿತಕ್ಕೆ ಕಾರಣ ಎಂದು ನಿವಾಸಿಗಳು ದೂರಿದರು. ಕಂಪನಿ ಅದನ್ನು ಒಪ್ಪಲಿಲ್ಲ.

ಔಲಿಗೆ ಹೋಗುವವರು ಹರಿದ್ವಾರ ಅಥವಾ ಋಷಿಕೇಶದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಸುಮಾರು 250 ಕಿಲೋಮೀಟರ್ ಬೆಟ್ಟದ ರಸ್ತೆಯಲ್ಲಿ ಜೋಶಿಮಠ ತಲುಪಬೇಕು. ಬಸ್ಸಿನಲ್ಲಿ ಇಡೀ ದಿನದ ಪ್ರಯಾಣ. ಜೋಶಿಮಠದಿಂದ ಮೇಲಕ್ಕೆ ರಸ್ತೆಯಿದೆ. ಸ್ಕೀಯಿಂಗ್ ಕಾಲ ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್. ಹೊರಡುವ ಮೊದಲು ಹಿಮ ಬಿದ್ದಿದೆಯೇ, ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.