ಒತ್ತಕ್ಷರಕ್ಕೂ ಜಾಗ ಬೇಕು

ರಾಜಾಜಿನಗರ, ವಿಜಯನಗರ, ಕೆಂಗೇರಿ. ಪಶ್ಚಿಮ ಬೆಂಗಳೂರಿನ ಈ ಮೂರೂ ಮೆಟ್ರೊ ನಿಲ್ದಾಣಗಳ ಹೆಸರಿನಲ್ಲಿ ಒಂದೂ ಒತ್ತಕ್ಷರವಿಲ್ಲ. ಆದರೆ ಅತ್ತಿಗುಪ್ಪೆಯಲ್ಲಿ ಎರಡಿವೆ. ಮಹಾಲಕ್ಷ್ಮಿಯಲ್ಲಂತೂ ಒಂದೇ ಅಕ್ಷರಕ್ಕೆ ಎರಡು ಒತ್ತು! ಓದುವವರಿಗೆ ಇದೇನೂ ದೊಡ್ಡ ವಿಷಯವಲ್ಲ. ಸಾಮಾಜಿಕ ಜಾಲತಾಣಗಳಿಗೆ ಪ್ರಚಾರಚಿತ್ರ ರೂಪಿಸುವವರಿಗೆ ಮಾತ್ರ ಲೆಕ್ಕಾಚಾರ ಶುರುವಾಗುವುದೇ ಇಲ್ಲಿಂದ. ಇಂಗ್ಲಿಷಿನ ಅಳತೆಯಲ್ಲಿ ಕನ್ನಡದ ಸಾಲುಗಳನ್ನು ಜೋಡಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಂಗೈಯಗಲದ ಮೊಬೈಲ್ ಪರದೆಯಲ್ಲಿ ಎರಡೂ ಕಲಸಿಹೋಗುತ್ತವೆ.

ಈ ತೊಡಕು ಹೊಸದಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾದಾಗಿನಿಂದಲೂ ಒತ್ತು, ಗುಣಿತಗಳಿಗೆ ಅಚ್ಚುಮೊಳೆ ಹೊಂದಿಸುವುದು ಮುದ್ರಕರಿಗೆ ಸವಾಲೇ ಆಗಿತ್ತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಆರಂಭಿಸಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚಿಗೆ ಮೊಳೆಗಳ ಹಂಗಿಲ್ಲ. ಕೈಬರಹವೇ ಚಿತ್ರದಂತೆ ಇಡಿಯಾಗಿ ಮೂಡುತ್ತದೆ.

ಕಂಪ್ಯೂಟರ್ ಬಂದಾಗ ಅದೇ ಪ್ರಶ್ನೆ ಮತ್ತೆ ಎದುರಾಯಿತು. 1998ರಲ್ಲಿ ಬಂದ ‘ಬರಹ’, ಆ ಬಳಿಕ ‘ನುಡಿ’ ತಂತ್ರಾಂಶಗಳು ಕನ್ನಡ ಬೆರಳಚ್ಚನ್ನು ಮನೆಮನೆಗೆ ಒಯ್ದವು. ಹಳೆಯ ಫಾಂಟ್‌ಗಳಲ್ಲಿ ಅಕ್ಷರದ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ ಪದ ಕಟ್ಟಲಾಗುತ್ತಿತ್ತು. ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುತ್ತಿದ್ದುದು ಅರ್ಥವಿಲ್ಲದ ಚಿಹ್ನೆಗಳು. 1991ರಲ್ಲೇ ಪ್ರಕಟವಾಗಿದ್ದ ಯೂನಿಕೋಡ್ ಸಂಕೇತ ವ್ಯವಸ್ಥೆ ಇದಕ್ಕೆ ಪರಿಹಾರ ಒದಗಿಸಿತು. ಅದರಲ್ಲಿ ‘ಕನ್ನಡ’ ಎಂಬ ಮೂರಕ್ಷರದ ಪದಕ್ಕೆ ಐದು ಸಂಕೇತಗಳು: ಕ, ನ, ವಿರಾಮಚಿಹ್ನೆ, ಮತ್ತೆ ನ, ಡ. ಇವನ್ನು ಕೂಡಿಸಿ ಒತ್ತಾಗಿಸುವುದು ತಂತ್ರಾಂಶದ ಕೆಲಸ. ಚಿತ್ರವಿನ್ಯಾಸದ ಎಷ್ಟೋ ತಂತ್ರಾಂಶಗಳು ಇದನ್ನು ಬಹುಕಾಲ ಕಲಿಯಲಿಲ್ಲ. ಒತ್ತು ಬಿಡಿಬಿಡಿಯಾಗಿ ಬೀಳುತ್ತಿತ್ತು. ಹಾಗಾಗಿ ವಿನ್ಯಾಸಕಾರರು ಹಳೆಯ ಫಾಂಟ್‌ಗಳಲ್ಲೇ ಬರೆದು, ಬರಹವನ್ನು ಚಿತ್ರವಾಗಿಸಿ ಹರಿಬಿಟ್ಟರು. ಕಲ್ಲಚ್ಚಿನ ಉಪಾಯವೇ ಮರಳಿ ಬಂದಿತ್ತು!

ಜಾಲತಾಣದ ಪ್ರಚಾರಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ 2017 ಸಾಕ್ಷಿ. ಮೆಟ್ರೊ ಫಲಕಗಳಲ್ಲಿ ಹಿಂದಿಯನ್ನು ವಿರೋಧಿಸಿ ಆ ವರ್ಷದ ಜೂನ್‌ನಲ್ಲಿ ‘ನಮ್ಮ ಮೆಟ್ರೊ ಹಿಂದಿ ಬೇಡ’ ಅಭಿಯಾನ ಜಾಲತಾಣಗಳಲ್ಲಿ ಆರಂಭವಾಯಿತು. ಜುಲೈ ಕೊನೆಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಕೇಂದ್ರಕ್ಕೆ ಪತ್ರ ಬರೆದರು. ಆಗಸ್ಟ್‌ನಲ್ಲಿ ಫಲಕಗಳಿಂದ ಹಿಂದಿ ತೆರವಾಯಿತು. ವಿಪರ್ಯಾಸವೆಂದರೆ, ಕನ್ನಡಕ್ಕಾಗಿ ನಡೆದ ಈ ಅಭಿಯಾನದ ಹ್ಯಾಷ್‌ಟ್ಯಾಗ್ ಜನಪ್ರಿಯವಾದದ್ದು ಇಂಗ್ಲಿಷ್ ಅಕ್ಷರಗಳಲ್ಲಿ.

ಬರಹ ಚಿತ್ರವಾದರೆ ನಷ್ಟವೇನು? ಕಣ್ಣಿಗೆ ಅಂದ, ನಿಜ. ಆದರೆ ಚಿತ್ರದೊಳಗಿನ ಪದ ಹುಡುಕಾಟಕ್ಕೆ ಸುಲಭವಾಗಿ ಸಿಗದು. ದೃಷ್ಟಿಹೀನರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೂ ಅದು ಬಹುಮಟ್ಟಿಗೆ ಮೂಕ. ಬಡಾವಣೆಯಲ್ಲಿ ನೀರು ನಿಲ್ಲುವ ಸೂಚನೆಯೋ, ರಕ್ತದಾನ ಶಿಬಿರದ ವಿಳಾಸವೋ ಚಿತ್ರದಲ್ಲಷ್ಟೇ ಇದ್ದರೆ, ಬೇಕಾದವರಿಗೇ ಅದು ತಲುಪದೆ ಹೋಗಬಹುದು.

ಈಗ ಅಂಥ ಅನಿವಾರ್ಯ ಉಳಿದಿಲ್ಲ. ವಿನ್ಯಾಸ ತಂತ್ರಾಂಶಗಳು ಯೂನಿಕೋಡ್ ಕನ್ನಡವನ್ನು ಕಲಿತಿವೆ. ‘ಬಾಲೂ ತಮ್ಮ’, ‘ಅನೇಕ್ ಕನ್ನಡ’ದಂಥ ಫಾಂಟ್‌ಗಳು ಉಚಿತವಾಗಿ ಸಿಗುತ್ತವೆ. ಚಿತ್ರದಲ್ಲಿ ಸಾಲುಗಳ ನಡುವೆ ಒತ್ತಿಗೆ ಸಾಕಷ್ಟು ಜಾಗ ಬಿಡುವುದು, ಚಿತ್ರದ ಜೊತೆಗೆ ಅದೇ ಮಾತನ್ನು ಬರಹದಲ್ಲೂ ಕೊಡುವುದು – ಇವೆರಡನ್ನು ರೂಢಿಸಿಕೊಂಡರೆ ಸಾಕು. ಕಲ್ಲಚ್ಚಿನ ಕಾಲದಲ್ಲಿ ಬೇರೆ ದಾರಿ ಕಷ್ಟವಿತ್ತು. ಇಂದು ದಾರಿಯಿದೆ, ನಡೆಯುವ ಮನಸ್ಸು ಬೇಕಷ್ಟೆ.