ಕೆಳಗಿನ ನೀರಿನವರು



ನಮ್ಮ ಆಯಿ ಘಟಪ್ರಭಾ ದಂಡೆಯ ಊರಿನಾಕಿ. "ನಾವು ಯಾವತ್ತಿದ್ರೂ ಕೆಳಗಿನ ನೀರಿನವ್ರು" ಅಂತಿದ್ಲು. ಆಕೆ ಸಣ್ಣಾಕಿ ಇದ್ದಾಗ ಹೊಳಿಯೊಳಗ ಮೇಲ್ಜಾತಿಯವರು ಕೊಡ ತುಂಬೋ ಜಾಗ ಎಲ್ಲಕ್ಕಿಂತ ಮೇಲೆ. ಅದರ ಕೆಳಗೆ ಅರಿವಿ ಒಗೆಯೋದು, ಅದಕ್ಕೂ ಕೆಳಗೆ ದನ ತೊಳೆಯೋದು. ನಮ್ಮವರ ಕೊಡ ಅದಕ್ಕೂ ಕೆಳಗೆ. ಹರಿಯೋ ನೀರಿಗೂ ಜಾತಿ ಹಚ್ಚಿದ್ರು.

ಗೋಕಾಕ, ಮೂಡಲಗಿ, ಹುಕ್ಕೇರಿ ಊರುಗಳ ಕೊಳಚೆ ನೀರಿನ ಮಾತು ಬಂದಾಗಲೆಲ್ಲ ನನಗೆ ಆಯಿ ನೆನಪಾಗ್ತಾಳೆ.

ನೀರು ತರೋದ್ರಾಗ ನಮ್ಮ ಸೀಮೆ ಹಿಂದೆ ಬಿದ್ದದ್ದಲ್ಲ. ಆದಿಲ್‌ಶಾಹಿ ಕಾಲದಲ್ಲೇ ಹುಕ್ಕೇರಿಗೆ ನೆಲದಡಿಯ ಕಾಲುವೆಯಿಂದ ನೀರು ತಂದಿದ್ದರು. 1887ಕ್ಕೇ ಗೋಕಾಕ ಫಾಲ್ಸ್‌ನ ನೀರಿನಿಂದ ಗಿರಣಿ ತಿರುಗಿತು. ಧೂಪದಾಳದಲ್ಲಿ ಒಡ್ಡು ಎದ್ದಿತು, ಮುಂದೆ ಹಿಡಕಲ್ ಡ್ಯಾಮ್ ಬಂತು, ಕಾಲುವೆ ನೀರು ಹೊಲಕ್ಕೆ ಹರಿಯಿತು. ಬರೋ ನೀರಿಗೆ ಇಷ್ಟೆಲ್ಲ ಲೆಕ್ಕ. ಊರಿಂದ ಹೋಗೋ ನೀರಿಗೆ? ಗಟಾರದಿಂದ ಹಳ್ಳಕ್ಕೆ, ಹಳ್ಳದಿಂದ ಹೊಳಿಗೆ. ಅಷ್ಟೇ.

ನಮ್ಮ ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. 1923ರಲ್ಲಿ ಅಲ್ಲಿನ ಶಾಸನಸಭೆ ಬೋಲೆಯವರ ಗೊತ್ತುವಳಿ ಒಪ್ಪಿತು: ಸರ್ಕಾರಿ ಹಣದ ಕೆರೆ, ಬಾವಿ ಅಸ್ಪೃಶ್ಯರಿಗೂ ಮುಕ್ತ. ಅಂದ್ರೆ ಆ ಹಕ್ಕು ಗೋಕಾಕ, ಹುಕ್ಕೇರಿಯ ನಮ್ಮಜ್ಜಂದಿರಿಗೂ ಕಾಗದದ ಮೇಲೆ ಸಿಕ್ಕಿತ್ತು! ಆ ಕಾಗದವನ್ನು ನೀರಾಗಿಸಲು 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿಯಬೇಕಾಯ್ತು. ಆಮೇಲೆ ಸವರ್ಣೀಯರು ಮಾಡಿದ್ದೇನು? ಸಗಣಿ, ಗಂಜಲ ಸುರಿದು ಕೆರೆ "ಶುದ್ಧ" ಮಾಡಿದರು.

ಇದನ್ನ ಸ್ವಲ್ಪ ಯೋಚಿಸಿ. ನಮ್ಮ ಕೈ ಮುಟ್ಟಿದ್ರೆ ನೀರು ಮೈಲಿಗೆ. ಇಡೀ ಊರಿನ ಹೊಲಸು ಹೊಳಿಗೆ ಬಿದ್ರೆ ಯಾರಿಗೂ ಮೈಲಿಗೆ ಇಲ್ಲ.

ಆ ಹೊಲಸು ಹೊತ್ತವರು ಯಾರು? ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದ ಆರಂಭದಲ್ಲೇ ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದರು. ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ. ಹೊಳಿ ಕಾಯೋ ಜಲ ಕಾಯ್ದೆ 1974ರಲ್ಲೇ ಬಂದಿತ್ತು. ಅಂದ್ರೆ ನೀರಿನ ಮಾನಕ್ಕೆ ಮೊದಲು ಕಾನೂನು, ಮನುಷ್ಯರ ಮಾನಕ್ಕೆ 19 ವರ್ಷ ತಡ. 2010ರಲ್ಲಿ ಸವಣೂರಿನ ಭಂಗಿ ಬಂಧುಗಳು ಪುರಸಭೆ ಎದುರು ಮೈಮೇಲೆ ಮಲ ಸುರ್ಕೊಂಡು ಪ್ರತಿಭಟಿಸಿದ್ದು ನೆನಪಿದೆಯಲ್ಲ? 2013ರ ಕಾಯ್ದೆ ಸೆಪ್ಟಿಕ್ ಟ್ಯಾಂಕ್, ಮ್ಯಾನ್‌ಹೋಲಿಗೆ ರಕ್ಷಣೆ ಇಲ್ಲದೆ ಮನುಷ್ಯರನ್ನ ಇಳಿಸೋದನ್ನೂ ಅಪರಾಧ ಅಂತು. ಆದ್ರೆ ನಮ್ಮಪ್ಪನ ವಾರಿಗೆಯವರೊಬ್ಬರು ಗುಂಡಿಗೆ ಇಳಿದದ್ದನ್ನ ನಾನು ಕಣ್ಣಾರೆ ಕಂಡೀನಿ. ಸೊಂಟಕ್ಕೊಂದು ಹಗ್ಗ, ಅಷ್ಟೇ ರಕ್ಷಣೆ.

ಈಗ ಲೆಕ್ಕ ಹೇಳ್ತೀನಿ. ಒಳಚರಂಡಿ ಯೋಜನೆಯ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ. 80 ಕೊಳಚೆಯಾಗಿ ಹೊರಗೆ. 2011ರ ಜನಗಣತಿಯಲ್ಲಿ ಗೋಕಾಕದ ಜನ ಸುಮಾರು 79 ಸಾವಿರ. ಅಂದ್ರೆ ದಿನಕ್ಕೆ ಸುಮಾರು 85 ಲಕ್ಷ ಲೀಟರ್. ಮಾರ್ಕಂಡೇಯ ಹೊಳಿ ಘಟಪ್ರಭಾ ಸೇರೋದು ಅದೇ ಊರ ಹತ್ತಿರ. 2019ರ ಆಗಸ್ಟ್‌ನಲ್ಲಿ ಹೊಳಿ ಗೋಕಾಕದ ಮನೆಗಳಿಗೆ ನುಗ್ಗಿತು. ಮಹಾಪೂರ ಬಂದಾಗ ಗಟಾರದ ನೀರು, ಹೊಳಿ ನೀರು ಬೇರೆ ಬೇರೆ ಉಳಿಯೋದಿಲ್ಲ. ತಗ್ಗಿನ ಓಣಿಯವರಿಗೆ ಅದು ಮೊದಲು ಗೊತ್ತಾಗ್ತದ.

ಶುದ್ಧೀಕರಣ ಘಟಕ ಮಾಯಾಜಾಲವಲ್ಲ. ಕಸ ಸೋಸೋದು, ಉಸುಕು ಇಳಿಸೋದು, ಗಾಳಿ ಊದಿ ಸೂಕ್ಷ್ಮಾಣುಗಳಿಂದ ಹೊಲಸು ತಿನ್ನಿಸೋದು, ಉಳಿದ ರಾಡಿ ಬೇರೆ ಮಾಡೋದು. ಗಾಳಿ ಊದೋಕೆ ಕರೆಂಟ್ ಬೇಕು, ನೋಡೋಕೆ ಆಪರೇಟರ್ ಬೇಕು. ಉದ್ಘಾಟನೆಯ ಕಲ್ಲು ನೀರು ತೊಳೆಯೋದಿಲ್ಲ.

ಅದಕ್ಕೇ ಗೋಕಾಕ ನಗರಸಭೆ, ಹುಕ್ಕೇರಿ, ಮೂಡಲಗಿ ಪುರಸಭೆಗಳ ವಾರ್ಡುಗಳಲ್ಲಿರೋ ಬಂಧುಗಳೇ, ಮೂರು ಪ್ರಶ್ನೆ ಕೇಳಿ. ನಮ್ಮ ಊರ ಕೊಳಚೆಯಲ್ಲಿ ಎಷ್ಟು ಪಾಲು ಘಟಕಕ್ಕೆ ಹೋಗ್ತದ? ಹೊರಬಿಡೋ ನೀರಿನ ಪರೀಕ್ಷಾ ವರದಿ ಎಲ್ಲಿ? ಗುಂಡಿ ಬಳಿಯೋದು ಮಷೀನಾ, ನಮ್ಮ ಹುಡುಗರಾ? ಉತ್ತರ ಕೊಡದಿದ್ರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ.

ಹೊಳಿ ಸ್ವಚ್ಛ ಆಗ್ಲಿ, ಆದ್ರೆ ನಮ್ಮವರನ್ನ ಗುಂಡಿಗೆ ಇಳಿಸಿ ಅಲ್ಲ. ಆಯಿ ಹೇಳಿದ ಆ ಕೆಳಗಿನ ಜಾಗದಲ್ಲಿ ನಿಂತು ಬೊಗಸೆ ತುಂಬಿ ಕುಡಿಯೋ ಹಾಂಗ ಆದ ದಿನ ಮಹಾಡದ ಕೆಲಸ ಇಲ್ಲಿಯೂ ಮುಗಿದಂಗ.

ಜೈ ಭೀಮ್.