ಚೀಟಿ ಮೇಲಿನ ಕ್ರಿಯಾಪದ

ಆದೋನಿ ಪೇಟೆಗೆ ಹತ್ತಿ ಹಾಕಿ, ಹಂಗೇ ಆಸ್ಪತ್ರೆಗೂ ಹೋಗಿ ಬರೋ ರೈತನ ಜೇಬಿನಾಗ ಎರಡು ಚೀಟಿ ಇರ್ತಾವ. ಎರಡರಾಗೂ ಒಂದೊಂದು ಪರದೇಶದ ಕ್ರಿಯಾಪದ ಕುಂತೈತಿ.

ಮೊದಲನೇದು ರಸೀದಿ. ಪಾರ್ಸಿಯಾಗ 'ರಸೀದ್' ಅಂದ್ರೆ 'ಮುಟ್ಟಿತು'. ಭೂತಕಾಲ, ಪ್ರಥಮ ಪುರುಷ, ಏಕವಚನ. ವಿಜಯನಗರ ಬಿದ್ದ ಮ್ಯಾಲೆ ಆದೋನಿ ಬಿಜಾಪುರದ ಆದಿಲಶಾಹಿಗಳಿಗೆ, ಆಮೇಲೆ ಮೊಗಲರಿಗೆ, ನಿಜಾಮರಿಗೆ ಹೋಯ್ತು. 1786ರಾಗ ಟಿಪ್ಪು ಹಿಡಿದ, 1800ರಾಗ ಕಂಪನಿಗೆ ಬಂತು. ಅರಸರು ಹೋದರು, ಅವರ ದಫ್ತರದ ಮಾತು ನಮ್ಮ ಬಾಯಾಗ ಉಳಿದವು.

ಎರಡನೇದು ಔಷಧಿ ಚೀಟಿ. ಅದರ ತಲೆ ಮೇಲೆ ಇಂಗ್ಲಿಷಿನ 'ಆರ್' ಅಕ್ಷರ, ಅದರ ಬಾಲಕ್ಕೆ ಅಡ್ಡ ಗೆರೆ. ಅದು ಗುರುಗ್ರಹದ ಗುರುತು ಅಂತ ಕೆಲವರು ಹೇಳ್ತಾರ, ನನಗದು ಒಪ್ಪಿಗೆಯಾಗಲ್ಲ. 'ತಾರೀಖು' ಅನ್ನೋದಕ್ಕೆ ಶಾನುಭೋಗರು 'ತಾ॥' ಅಂತ ಬರೀತಿದ್ದಂಗೆ, ಮಾತು ಮೊಟಕು ಮಾಡಿದ ಗೆರೆ ಅದು. ಪೂರಾ ಮಾತು ಲ್ಯಾಟಿನ್ನಿನ 'ರೆಕಿಪೆ', ಅಂದ್ರೆ 'ತಗೋ'. ವಿಧ್ಯರ್ಥ, ಮಧ್ಯಮ ಪುರುಷ, ಏಕವಚನ. 'ರೆ' ಅಂದ್ರೆ ಹಿಂದಕ್ಕೆ, 'ಕಾಪೆರೆ' ಅಂದ್ರೆ ಹಿಡಿಯೋದು. ಎರಡೂ ಕೂಡಿದಾಗ 'ಕಾ' ಹೋಗಿ 'ಕಿ' ಆಗ್ತೈತಿ. ನಮ್ಮ 'ತೆಗೆದುಕೊ' ಸವೆದು 'ತಗೋ' ಆಗಲಿಲ್ಲೇನು? ಬಹುವಚನ ಬೇಕಂದ್ರೆ 'ರೆಕಿಪಿತೆ', ತಗೊಳ್ರಿ.

ಡಾಕ್ಟರು ನಮ್ಮನ್ನ ಏಕವಚನದಾಗ ಕರೀತಾರೇನು ಅಂತ ಸಿಟ್ಟಾಗಬ್ಯಾಡ್ರಿ. ಹಳೆಯ ಲ್ಯಾಟಿನ್ನಿನಾಗ ಒಬ್ಬರಿಗೆ 'ರಿ' ಹಚ್ಚೋ ಪದ್ಧತಿ ಇರಲಿಲ್ಲ. ನಾವು ಹಾಡೋರು ಎಲ್ಲಮ್ಮನ್ನ 'ಬಾ' ಅಂತ ಕರೀತೀವಿ, 'ಬರ್ರಿ' ಅಂತೀವೇನು?

ಇನ್ನ ಆ ಮಾತು ನಮಗೆ ಹೇಳಿದ್ದೇ ಅಲ್ಲ. ಔಷಧಿ ಕಲಸೋನಿಗೆ ಹೇಳಿದ್ದು: ಇದಿಷ್ಟು ತಗೋ, ಅದಿಷ್ಟು ತಗೋ, ಕೂಡಿಸು. ಅಡುಗೆ ಮಾಡೋ ಕ್ರಮಕ್ಕೆ ಇಂಗ್ಲಿಷಿನಾಗ 'ರೆಸಿಪಿ' ಅನ್ನೋದೂ ಅದರಿಂದಲೇ ಬಂತು. ರಸೀದಿಗೆ ಅವರನ್ನೋ 'ರಿಸೀಟ್' ಸಹ ಅದೇ ಧಾತುವಿನದು. ಕೇಳೋದಕ್ಕೆ ರಸೀದಿ, ರಿಸೀಟ್ ಅಣ್ಣತಮ್ಮರಂಗೆ ಕಾಣ್ತಾವ, ಆದರೆ ಒಂದು ಪಾರ್ಸಿ ಮನೆಯದು, ಇನ್ನೊಂದು ಲ್ಯಾಟಿನ್ ಮನೆಯದು.

ಹಳೆಯ ಚೀಟಿಗಳಾಗ ಕೆಳಗೆ 'ಸಿಗ್ನಾ' ಅಂತ ಇನ್ನೊಂದು ವಿಧ್ಯರ್ಥ ಇರ್ತಿತ್ತು. 'ಗುರುತು ಹಾಕು' ಅಂತ ಅರ್ಥ. ರೋಗಿ ಎಷ್ಟು, ಯಾವಾಗ ಕುಡೀಬೇಕು ಅಂತ ಸೀಸೆ ಮೇಲೆ ಬರೀಬೇಕಿತ್ತು. ನಮಗೆ ಬೇಕಾದ್ದು ಈ ಎರಡನೇ ಹುಕುಂ. 1953ರಾಗ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು ಆಂಧ್ರಕ್ಕೆ ಹೋದವು. ಈಗ ಗುರುತು ಲ್ಯಾಟಿನ್ನಿನಾಗ, ಗುಳಿಗೆ ಹೆಸರು ಇಂಗ್ಲಿಷಿನಾಗ, ಬಾಯಿ ಮಾತು ತೆಲುಗಿನಾಗ. ಬರೀ ಕನ್ನಡ ಬಲ್ಲ ಮುದುಕಿ ಮುಂಜಾನೆ ಗುಳಿಗೆ ರಾತ್ರಿ ನುಂಗ್ತಾಳ. ಅದಕ್ಕೇ ಯಾರಾದರೂ ಚೀಟಿ ತಂದ್ರೆ, ನಮ್ಮ ವಾಚನಾಲಯದಾಗ ಮೇಷ್ಟ್ರು ಅಂಗಡಿಯವರನ್ನ ಫೋನಿನಾಗ ಕೇಳಿ, ಗುಳಿಗೆ ಪಟ್ಟಿ ಹಿಂದೆ 'ಮುಂಜಾನೆ', 'ರಾತ್ರಿ' ಅಂತ ಕನ್ನಡದಾಗ ಬರೆದು ಕೊಡ್ತಾರ.